ಮಂಗಳಕ್ಕೆ ಒಂದು ಸಾಲು ಕಡಿಮೆ

1

ಆಲ್ಬಂ ಬಿಡುಗಡೆಯ ಸುದ್ದಿ ಬರೆಯುವುದು ಸುಲಭ. ಯಾರು, ಏನು, ಎಲ್ಲಿ, ಯಾವಾಗ ಎಂಬುದಕ್ಕೆ ಉತ್ತರ ಸಿಕ್ಕರೆ ಮೊದಲ ಪ್ಯಾರಾ ಆಯಿತು. ಆಲ್ಬಂ ಬಿಡುಗಡೆಯ ಕಥೆ ಬರೆಯಲು ಕೂತಾಗ ಆ ಉತ್ತರಗಳೆಲ್ಲ ಕೈಯಲ್ಲೇ ಇದ್ದವು. ಆದರೂ ಮೊದಲ ಪ್ಯಾರಾ ಆಗಲಿಲ್ಲ. ಮೂರು ಸಲ ಶುರು ಮಾಡಿ ಬಿಟ್ಟಿದ್ದೇನೆ. ಮೂರನ್ನೂ ಇಲ್ಲಿ ಕೊಡುತ್ತೇನೆ, ಯಾವುದು ಸರಿ ಎಂದು ನೀವೇ ನೋಡಿ.

"ಬೆಂಗಳೂರು, ಫೆ. 10: ನಗರದ ಸ್ವತಂತ್ರ ಸಂಗೀತ ತಂಡ 'ಎರಡನೇ ಹಂತ' ತನ್ನ ಹೊಸ ಆಲ್ಬಮ್ಮನ್ನು ಭಾನುವಾರ ಕುಂದಲಹಳ್ಳಿಯ ಅಪಾರ್ಟ್‌ಮೆಂಟೊಂದರ ಕ್ಲಬ್‌ಹೌಸ್‌ನಲ್ಲಿ ಬಿಡುಗಡೆ ಮಾಡಿತು."

(ಇದರಲ್ಲಿ ತಪ್ಪೇನೂ ಇಲ್ಲ. ಅದೇ ತೊಂದರೆ. ಓದಿದವರು ನೆಮ್ಮದಿಯಿಂದ ಪಕ್ಕದ ಸುದ್ದಿಗೆ ಹೋಗುತ್ತಾರೆ.)

"ಚನಬಸಪ್ಪ ನೀರು ಕುಡಿಯಲು ಎದ್ದರು."

(ಇದು ಚೆನ್ನಾಗಿದೆ. ಆದರೆ ಎರಡನೇ ವಾಕ್ಯದಲ್ಲಿ ಅವರು ಸಾಯುತ್ತಾರೆ. ಅವರ ಹೆಂಡತಿ ಮರೆವ್ವ ಈ ಕಡೆ ಬಂದು ನಿಂತು, "ಬಂದ ಕೂಡ್ಲೆ ಅವ್ರನ್ನ ಕೊಲ್ಲಬ್ಯಾಡ್ರಿ. ಮಂದಿ ಚಾ ಕುಡ್ದು ಕುಂದರ್ಲಿ, ಆಮ್ಯಾಲ ಹೇಳಿದ್ರಾತು," ಎಂದರು. ಒಪ್ಪಿದೆ.)

"ಮಲ್ಲಿಕ್ ಕಾಪಿ ಮಾಡಿ ಪೇಸ್ಟ್ ಮಾಡಿದ."

(ಗಲಾಟೆ ಶುರುವಾದದ್ದು ನಿಜಕ್ಕೂ ಇಲ್ಲಿಂದ. ಆದರೆ ಏನನ್ನು ಕಾಪಿ ಮಾಡಿದ ಎಂದು ವಿವರಿಸಲು ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಹೋಗುವುದಾದರೆ ಅಲ್ಲಿಂದಲೇ ಶುರು ಮಾಡಬಹುದಿತ್ತಲ್ಲ?)

ಹೀಗಾಗಿ ಶುರುವನ್ನು ಬಿಟ್ಟು ಮುಂದೆ ಹೋಗೋಣ. ಒಂದು ಸಂಗತಿ ಮಾತ್ರ ಈಗಲೇ ಗೊತ್ತಿರಲಿ. ಇಲ್ಲಿ ಪಣಕ್ಕಿರುವುದು ಒಂದು ಹಾಡಿನ ಕೊನೆಯ ಸಾಲು. ಅದನ್ನು ಮರೆವ್ವ ಹಾಡಬೇಕೆಂದು ಆಲ್ಬಂ ಮಾಡುವವರಿಗೆ ಆಸೆ. ಹಾಡುವುದಿಲ್ಲವೆಂದು ಮರೆವ್ವನ ಹಟ. ಕಾರಣ ನಾಲ್ಕನೇ ಭಾಗದಲ್ಲಿದೆ. ಅವಸರವಿದ್ದವರು ಹಾರಬಹುದು.

2

ಹಾರದೇ ಉಳಿದವರಿಗೆ: ಶಾಂಭವಿಗೆ ಆಗ ಮೂವತ್ತೊಂದು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಯಂತ್ರಗಳಿಗೆ ಕೈಪಿಡಿ ಬರೆಯುತ್ತಿದ್ದಳು. ಮುಚ್ಚಳ ತೆರೆಯುವ ಮುನ್ನ ಸ್ವಿಚ್ ಆರಿಸಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ ಎಂಬಂಥ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ. ಅದರಲ್ಲಿ ಅವಳಿಗೆ ಹೆಸರಿತ್ತು. ಶನಿವಾರ, ಭಾನುವಾರ ಕುಂದಲಹಳ್ಳಿಯಿಂದ ಹೊರಟು ನಗರದ ಇನ್ನೊಂದು ತುದಿಯ ಪೀಣ್ಯಕ್ಕೆ ಹೋಗಿ ಹಾಡುತ್ತಿದ್ದಳು. ಅದರಲ್ಲಿ ಇನ್ನೂ ಹೆಸರು ಬಂದಿರಲಿಲ್ಲ.

ಪೀಣ್ಯದಲ್ಲಿ ಮಲ್ಲಿಕನ ಸೋದರಮಾವನದೊಂದು ಫ್ಯಾಬ್ರಿಕೇಶನ್ ಶೆಡ್ ಬಾಗಿಲು ಹಾಕಿತ್ತು. ಅದರ ಕಂಪ್ರೆಸರ್ ಕೋಣೆಯ ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಹೊಡೆದು ಮಲ್ಲಿಕ್ ಸ್ಟುಡಿಯೋ ಮಾಡಿಕೊಂಡಿದ್ದ. ಅವನು ಗಿಟಾರ್ ನುಡಿಸುತ್ತಿದ್ದ, ರೆಕಾರ್ಡಿಂಗೂ ಅವನದೇ. ಡ್ರಮ್ಸಿಗೆ ಚಿಕ್ಕಬಾಣಾವರದಿಂದ ಮುತ್ತು ಬರುತ್ತಿದ್ದ. (ಈ ಕಥೆಯಲ್ಲಿ ಮುತ್ತುವಿಗೆ ಮಾತಿಲ್ಲ. ಡ್ರಮ್ಮರುಗಳಿಗೆ ಇದು ಅಭ್ಯಾಸ.) ತಂಡಕ್ಕೆ ಹೆಸರು ಹೊಳೆಯದೆ ಶೆಡ್ಡಿನ ಬೋರ್ಡಿನಲ್ಲಿದ್ದ ವಿಳಾಸದಿಂದಲೇ 'ಎರಡನೇ ಹಂತ' ಎಂದು ಎತ್ತಿಕೊಂಡರು. ಪ್ರತಿ ಕಾರ್ಯಕ್ರಮದಲ್ಲೂ ಯಾರಾದರೊಬ್ಬರು "ಒಂದನೇ ಹಂತ ಎಲ್ಲಿ?" ಎಂದು ಕೇಳುವರು. "ಅಲ್ಲೇ ಪಕ್ಕದಲ್ಲಿದೆ, ಆಟೋದವ್ರನ್ನ ಕೇಳಿ," ಎನ್ನುವನು ಮಲ್ಲಿಕ್.

ಅವರ ಮೊದಲ ಆಲ್ಬಮ್ಮನ್ನು ಕೇಳಿದವರೆಲ್ಲ ಅವರಿಗೆ ಪರಿಚಯದವರು. ಪರಿಚಯವಿಲ್ಲದವರು ಒಬ್ಬರಾದರೂ ಕೇಳಿದರೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಶಾಂಭವಿಯ ತಂದೆ ಸಿದ್ದರಾಮಪ್ಪನವರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ದಾವಣಗೆರೆಯಲ್ಲಿ ನಿವೃತ್ತರಾಗಿ ಮಗಳ ಜೊತೆ ಇದ್ದರು. ಅವರು ಆಲ್ಬಮ್ಮನ್ನು ಕೂತು ಪೂರ್ತಿ ಕೇಳಿದರು. ಹೇಗಿದೆ ಎಂದಾಗ ಯೋಚಿಸಿ, "ಸ್ಪಷ್ಟವಾಗಿ ಕೇಳಿಸ್ತದೆ," ಎಂದರು. ಎರಡನೆಯದೂ ಹೀಗೇ ಆದರೆ ತಂಡವನ್ನು ನಿಲ್ಲಿಸುವುದೆಂದು ಮೂವರೂ ಮಾತಾಡಿಕೊಂಡಿದ್ದರು.

ರೇವಣಸಿದ್ದ ಬಂದದ್ದು ಆಗ. ಪಕ್ಕದ ಶೆಡ್ಡಿನಲ್ಲಿ ಲೇತ್ ಮಷೀನ್ ನಡೆಸುತ್ತಿದ್ದವನು ಚಹಾದ ಬಿಡುವಿನಲ್ಲಿ ಇವರ ಬಾಗಿಲಿಗೆ ಬಂದು ನಿಂತು ಒಂದು ಹಾಡು ಪೂರ್ತಿ ಕೇಳಿದ.

"ಹಾಡು ಚಲೋ ಐತ್ರಿ ಮೇಡಂ. ಆದ್ರ ಎಲ್ಲಿ ಮುಗೀತಂತ ಗೊತ್ತಾಗ್ಲಿಲ್ಲ. ಚಪ್ಪಾಳಿ ಹೊಡಿಯೂಣಂತ ಕೈ ಎತ್ಗೊಂಡ ನಿಂತಿದ್ದೆ."

"ಫೇಡ್‌ಔಟ್ ಗುರು ಅದು," ಎಂದ ಮಲ್ಲಿಕ್.

"ಹಂಗಂದ್ರ?"

"ಸೌಂಡು ನಿಧಾನಕ್ಕೆ ಕಮ್ಮಿ ಆಗ್ತಾ ಆಗ್ತಾ ಹೋಗ್ಬಿಡುತ್ತೆ."

"ಮುಗಿಸಾಕ ಬರ್ಲಿಲ್ಲಂದ್ರ ಹಂಗ ಮಾಡ್ತೀರೇನು?"

ಮಲ್ಲಿಕ್ ಗಿಟಾರಿನ ತಂತಿ ಸರಿಮಾಡುವುದರಲ್ಲಿ ತೊಡಗಿದ. ತಂತಿ ಸರಿಯಾಗಿಯೇ ಇತ್ತು.

3

ರೇವಣಸಿದ್ದ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುವವನು. ಸೋಮವಾರ ಅವನೇ ಶಾಂಭವಿಯನ್ನೂ ಮಲ್ಲಿಕನನ್ನೂ ಲಗ್ಗೆರೆಗೆ ಕರೆದುಕೊಂಡು ಹೋದ. ಸಾಲಾಗಿ ಬಾಡಿಗೆ ಕೋಣೆಗಳಿರುವ ಒಂದು ಕಟ್ಟಡ, ಅದರ ತಾರಸಿಯ ಮೇಲೆ ತಗಡಿನ ಚಾವಣಿ. ಯಾದಗಿರಿ ಕಡೆಯವರು, ಸುರಪುರ ಕಡೆಯವರು, ಕಟ್ಟಡ ಕೆಲಸದವರು, ಫ್ಯಾಕ್ಟರಿಯವರು ಜಮಖಾನದ ಮೇಲೆ ಕೂತಿದ್ದರು. ನಡುವೆ ತಾಳ ಹಿಡಿದು ಮರೆವ್ವ. ಐವತ್ತರ ಆಸುಪಾಸು. ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ. ಬಾಯಲ್ಲಿ ಎಲೆಯಡಿಕೆ.

ಆ ಧ್ವನಿ ಹೇಗಿತ್ತೆಂದು ಬರೆಯಲು ನೋಡಿದೆ. ಜೇನು, ಗಂಟೆ, ಹೊಳೆ ಎಲ್ಲವನ್ನೂ ತಂದು ನಿಲ್ಲಿಸಿ ವಾಪಸ್ ಕಳಿಸಿದೆ. ಕೆಳಗಿನ ರಸ್ತೆಯಲ್ಲಿ ವಾಟರ್ ಟ್ಯಾಂಕರ್ ರಿವರ್ಸ್ ತೆಗೆದುಕೊಳ್ಳುತ್ತಿತ್ತು, ಅದರ ಸದ್ದಿನಲ್ಲೂ ಆ ಧ್ವನಿಯ ಒಂದು ಅಕ್ಷರ ತಪ್ಪಲಿಲ್ಲ. ಖಚಿತವಾಗಿ ಹೇಳಬಹುದಾದದ್ದು ಇಷ್ಟೇ.

ಶಾಂಭವಿ ಇನ್ನೊಂದನ್ನು ಗಮನಿಸಿದಳು. ಅಜ್ಜಿಯ ಮನೆಯಲ್ಲಿ ಅವಳು ಕಂಡ ಭಜನೆಗಳು ಗಣಪನ ಸ್ತುತಿಯಿಂದ ಶುರುವಾಗಿ ಮಂಗಳದಲ್ಲಿ ಮುಗಿಯುತ್ತಿದ್ದವು. ಮಂಗಳ ಹಾಡಿದ ಮೇಲೆ ಇನ್ನೊಂದು ಹಾಡಿಲ್ಲ. ಎದ್ದು ಕೈಮುಗಿದು ಪ್ರಸಾದ ತೆಗೆದುಕೊಂಡು ಮನೆಗೆ. ಇಲ್ಲಿ ಸ್ತುತಿಯೂ ಇಲ್ಲ, ಮಂಗಳವೂ ಇಲ್ಲ. ಕೂತವರೇ ಯಾವುದೋ ನಡುವಿನ ಹಾಡು ಎತ್ತಿಕೊಂಡರು, ಸಾಕೆನಿಸಿದಾಗ ತಾಳ ಕೆಳಗಿಟ್ಟು ಎದ್ದು ಹೋದರು. ಅವಳಿಗೆ ಇದು ಬಹಳ ಮಾಡರ್ನ್ ಎನಿಸಿತು. 'ಇಂಟ್ರೋ ಇಲ್ಲ, ಔಟ್ರೋ ಇಲ್ಲ, ಸಕ್ಕತ್' ಎಂದು ಫೋನಿನಲ್ಲಿ ಗುರುತು ಹಾಕಿಕೊಂಡಳು.

ಮುಂದಿನ ಭಾನುವಾರದಿಂದ ರೆಕಾರ್ಡಿಂಗ್. ಭಾನುವಾರವೇ ಏಕೆಂದರೆ ಉಳಿದ ದಿನ ಹಿಂದಿನ ಶೆಡ್ಡಿನ ಪವರ್ ಪ್ರೆಸ್ ಎಲ್ಲ ಹಾಡಿಗೂ ತನ್ನದೇ ತಾಳ ಹಾಕುತ್ತಿತ್ತು. ಲಯ ತಪ್ಪದಿರಲೆಂದು ಮಲ್ಲಿಕ್ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಸದ್ದು ಕೊಟ್ಟ. ಮರೆವ್ವ ತೆಗೆದು ಪಕ್ಕಕ್ಕಿಟ್ಟರು.

"ಕಿವ್ಯಾಗ ಗಡಿಯಾರ ಇಟ್ಗೊಂಡ ಯಾರರ ಹಾಡ್ತಾರೇನೋ ತಮ್ಮಾ? ಡ್ಯೂಟಿಗೆ ತಡ ಆದಂಗ ಆಕ್ಕೈತಿ."

ಒಂಬತ್ತು ಹಾಡು ಆದವು. ಭಜನೆಯವರ ಹಾಡು, ಶಾಂಭವಿಯ ಹಾಡು, ಎರಡೂ ಸೇರಿದ್ದು. ರೇವಣಸಿದ್ದ ತನ್ನ ಫೋಟೋ ಕವರಿನ ಮೇಲೆ ಬರಬೇಕೆಂದು ಎರಡು ಸಲ, ಲಗ್ಗೆರೆಯ ಮೊಬೈಲ್ ಅಂಗಡಿಯಲ್ಲಿ ಎಲ್ಲರ ಮೆಮೊರಿ ಕಾರ್ಡಿಗೂ ಹಾಡು ಹಾಕಿಸುವ ಜವಾಬ್ದಾರಿ ತನ್ನದೆಂದು ಮೂರು ಸಲ ಹೇಳಿದ. ಹತ್ತನೆಯದು ಮಂಗಳ ಎಂದು ಮಲ್ಲಿಕ್ ಯಾರನ್ನೂ ಕೇಳದೆ ತೀರ್ಮಾನಿಸಿದ. ಪ್ರಿಂಟಿಂಗಿನವನು ಅವಸರ ಮಾಡಿದನೆಂದು ಸಿಡಿ ಕವರೂ ಅಚ್ಚಾಯಿತು. ಕೊನೆಯ ಹೆಸರು: 10. ಮಂಗಳ.

4

"ಅಕ್ಕಾ, ಲಾಸ್ಟ್‌ಗೆ ಒಂದು ಮಂಗಳ ಹಾಡಿಬಿಟ್ರೆ ಮುಗೀತು," ಎಂದ ಮಲ್ಲಿಕ್.

"ಅದಕ್ಕೇ ಹಾಡಂಗಿಲ್ಲ," ಎಂದರು ಮರೆವ್ವ.

ಅಷ್ಟೇ ಹೇಳಿ ನೀರಿನ ಬಾಟಲಿ ತೆಗೆದುಕೊಂಡು ಹೊರಗೆ ಹೋದರು. ಕಾರಣ ಹೇಳಿದವನು ರೇವಣಸಿದ್ದ, ಗೇಟಿನ ಹತ್ತಿರದ ಚಹಾ ಅಂಗಡಿಯಲ್ಲಿ.

"ಮೊದ್ಲ ಅವ್ರ ಯಜಮಾನ್ರು ಹಾಡ್ತಿದ್ರು ಮೇಡಂ, ಚನಬಸಪ್ಪ. ಗೋಡೌನಿನ್ಯಾಗ ಲೋಡಿಂಗ್ ಕೆಲ್ಸ ಮಾಡ್ತಿದ್ರು. ಎರಡ್ ಸಾವಿರದ್ ಹತ್ತನೇ ಇಸ್ವಿ, ಶ್ರಾವಣ ಸೋಮವಾರ. ನಡು ಹಾಡಿನ್ಯಾಗ ತಾಳ ತಗದು ಅಕ್ಕನ ಕೈಯಾಗ ಕೊಟ್ರು. 'ನೀರ್ ಕುಡ್ದು ಬರ್ತೀನಿ, ಅಲ್ಲೀ ತನಕ ಮಂಗಳ ಹಾಡಬ್ಯಾಡ್ರಿ ಮತ್ತ' ಅಂದ್ರು. ಕೆಳಗ ಹ್ವಾದ್ರು."

"ಆಮೇಲೆ?"

"ಬರ್ಲಿಲ್ರಿ. ಮೆಟ್ಲ ಮ್ಯಾಲ ಗ್ವಾಡಿಗೆ ಒರಗಿ ಕುಂತಿದ್ರು. ಗಾಳಿಗೆ ಕುಂತಾರಂತ ನಾವು ಎರಡ್ ಹಾಡ್ ಹಾಡಿದ್ವಿ."

ಶಾಂಭವಿ ಗ್ಲಾಸು ಕೆಳಗಿಟ್ಟಳು.

"ಹಂಗಾಗಿ ಅವತ್ತಿನ ಭಜನಿ ಇನ್ನಾ ಮುಗಿದಿಲ್ರಿ. ಬರ್ತೀನಿ ಅಂದಾರ, ಹಾಡಬ್ಯಾಡಂತ ಹೇಳಿ ಹೋಗ್ಯಾರ. ಪ್ರತಿ ಸೋಮವಾರ ನಾವು ಅದನ್ನ ಮುಂದ ನಡಸ್ತೀವಿ."

"ಅದೇ ಭಜನೆನಾ?"

"ಅದೇರಿ. ಗಣಪನ ಸ್ತುತಿ ಅವತ್ತ ಆಗೈತಲ್ರಿ. ಮತ್ತ ಮತ್ತ ಯಾಕ?"

ಶಾಂಭವಿ ಫೋನ್ ತೆಗೆದು ಆ ಹಳೆಯ ಗುರುತನ್ನು ಅಳಿಸಿದಳು.

(ಹಾರಿ ಇಲ್ಲಿಗೆ ಬಂದವರಿಗೆ ಸ್ವಾಗತ. ಮರೆವ್ವನವರೂ ಬಂದು ಓದಿದರು. "ಚಾ ಕುಡ್ದ ಮ್ಯಾಲ ಹೇಳೀರಿ, ಚಲೋ ಆತು," ಎಂದರು.)

5

ಈಗ ಕಾಪಿ, ಪೇಸ್ಟ್.

ರೆಕಾರ್ಡಿಂಗ್ ನಿಲ್ಲಿಸಲು ಮರೆಯುವುದು ಮಲ್ಲಿಕನ ಅಭ್ಯಾಸ. ಬಾಗಿಲು ಹಾಕುವ, ಕುರ್ಚಿ ಎಳೆಯುವ ಸದ್ದುಗಳ ದೊಡ್ಡ ಸಂಗ್ರಹ ಅವನಲ್ಲಿದೆ. ಆ ಭಾನುವಾರ ಎಲ್ಲರೂ ಚಹಾಕ್ಕೆ ಹೋದಾಗ ಮರೆವ್ವ ಒಳಗೆ ಬಂದು ಒಬ್ಬರೇ ಜಮಖಾನ ಮಡಚುತ್ತಿದ್ದರು. ಮೈಕು ಕೇಳಿಸಿಕೊಳ್ಳುತ್ತಲೇ ಇತ್ತು. ಮಡಚುತ್ತ ಮಡಚುತ್ತ ಅವರು ಮಂಗಳ ಹಾಡಿದರು. ತಾಳವಿಲ್ಲ, ಹಾರ್ಮೋನಿಯಂ ಇಲ್ಲ. ಜಮಖಾನ ಕೊಡವಿದ ಸದ್ದು ಮಾತ್ರ ನಡುವೆ ಒಮ್ಮೆ. ಕೊನೆಯ ಸಾಲಿನ ಹತ್ತಿರ ಬಂದು ನಿಂತರು. ಆಮೇಲೆ ಬಾಗಿಲ ಸದ್ದು.

(ಮಂಗಳದ ಪದಗಳನ್ನು ಇಲ್ಲಿ ಅಚ್ಚು ಹಾಕುತ್ತಿಲ್ಲ. ಹಾಕಿದರೆ ಕೊನೆಯ ಸಾಲನ್ನು ನೀವು ಮನಸ್ಸಿನಲ್ಲೇ ಸೇರಿಸಿಬಿಡುತ್ತೀರಿ. ಆ ತಪ್ಪು ಒಮ್ಮೆ ನಡೆದಿರುವುದೇ ಸಾಕು.)

ಮಲ್ಲಿಕನಿಗೆ ಇದು ಸಿಕ್ಕಿದ್ದು ಬುಧವಾರ. ಕೊನೆಯ ಸಾಲು ಎಂದರೆ ಪಲ್ಲವಿಯೇ, ಮೊದಲ ಸಾಲೇ ತಿರುಗಿ ಬರುವುದು. ಅವನು ಮೊದಲ ಸಾಲನ್ನು ಕಾಪಿ ಮಾಡಿ ಕೊನೆಗೆ ಅಂಟಿಸಿದ. ಜೋಡಣೆ ಕಾಣದಂತೆ ಉಜ್ಜಿದ. ಶಾಂಭವಿಯನ್ನು ಕರೆಸಿ ಕೇಳಿಸಿದ.

"ಹೆಂಗಿದೆ?"

ಆಲ್ಬಮ್ಮಿನಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಅದು ಅವಳಿಗೆ ಮೊದಲ ಸಾಲಿಗೇ ಗೊತ್ತಾಗಿತ್ತು.

"ಅವ್ರು ಇದನ್ನ ಮುಗಿಸಿರ್ಲಿಲ್ಲ ಅಲ್ವಾ?" ಎಂದಳು.

"ನಾನು ಮುಗ್ಸಿದೀನಲ್ಲ. ಅವ್ರದೇ ವಾಯ್ಸು ಕಣೇ, ಅವ್ರದೇ ಸಾಲು. ಹೊಸದಾಗಿ ಏನೂ ಹಾಕಿಲ್ಲ."

"ಕೇಳ್ಬೇಕಲ್ವಾ ಅವ್ರನ್ನ?"

"ಕೇಳಿದ್ರೆ ಬೇಡ ಅಂತಾರೆ."

ಈ ವಾದದಲ್ಲಿ ಏನು ತಪ್ಪಿದೆಯೆಂದು ಶಾಂಭವಿಗೆ ತಕ್ಷಣ ಹೊಳೆಯಲಿಲ್ಲ. ಅವಳು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹಾಡನ್ನು ಫೋನಿಗೆ ಹಾಕಿಸಿಕೊಂಡು ಮನೆಗೆ ಹೋದಳು. ಆಫೀಸಿನ ಬಸ್ಸಿನಲ್ಲಿ ಕೇಳಿದಳು. ಪೂರ್ತಿ ಮುಗಿಯುವ ಮಂಗಳವನ್ನು ದಿನವೂ ಕೇಳಿದಳು.

("ಕೇಳಿದ ತಕ್ಷಣ ಡಿಲೀಟ್ ಮಾಡು ಅಂದೆ ಅಂತ ಬರೀಬಹುದಲ್ವಾ?" ಎಂದು ಶಾಂಭವಿ ಕೇಳಿದಳು. "ನೀವು ಹಾಗೆ ಅನ್ನಲಿಲ್ಲ," ಎಂದೆ. "ಕಥೆ ತಾನೇ?" "ಕಥೆಯೇ. ಆದರೂ ಅನ್ನಲಿಲ್ಲ." ಆ ಸಾಲಿನ ಮೇಲೆ ಬೆರಳಿಟ್ಟು, "ದಿನವೂ ಅನ್ನೋದನ್ನಾದ್ರೂ ತೆಗೀರಿ," ಎಂದಳು. ತೆಗೆದಿಲ್ಲ.)

6

ಈ ಭಾಗದಲ್ಲಿ ಮಲ್ಲಿಕನ ಗಿಟಾರ್ ಬಗ್ಗೆ ಬರೆದಿದ್ದೆ. ಅವನೇ ಓದಿ ತೆಗೆಸಿದ.

7

ಕಥೆ ಮುಗಿಸಲು ಇದು ಒಳ್ಳೆಯ ಜಾಗ. ಮೂರು ಮುಕ್ತಾಯ ಸಿದ್ಧವಿವೆ.

ಅ) ಶಾಂಭವಿ ಹಾಡನ್ನು ಮರೆವ್ವನಿಗೆ ಕೇಳಿಸುತ್ತಾಳೆ. ತನ್ನ ಧ್ವನಿಯಲ್ಲಿ ಮಂಗಳ ಮುಗಿದದ್ದನ್ನು ಕೇಳಿ ಮರೆವ್ವ ಅಳುತ್ತಾರೆ. ಎದೆಯ ಭಾರ ಇಳಿಯುತ್ತದೆ. ("ನಾ ಯಾಕ ಅಳ್ಲಿ?" ಎಂದರು ಮರೆವ್ವ. "ಎದಿ ಮ್ಯಾಲ ಭಾರ ಐತಂತ ನಿಮಗ ಯಾರ್ ಹೇಳಿದ್ರು?" ಯಾರೂ ಹೇಳಿರಲಿಲ್ಲ. ಹೊಡೆದು ಹಾಕಿದೆ.)

ಆ) ಶಾಂಭವಿ ಹಾಡನ್ನು ಅಳಿಸಿ ಹಾಕುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ("ಬ್ಯಾಕಪ್ ಎರಡು ಕಡೆ ಇದೆ," ಎಂದ ಮಲ್ಲಿಕ್.)

ಇ) ಆಲ್ಬಂ ಬಿಡುಗಡೆಯಾಗುತ್ತದೆ. ಪರಿಚಯದವರು ಕೇಳುತ್ತಾರೆ. ಪರಿಚಯವಿಲ್ಲದವರು ಕೇಳುವುದಿಲ್ಲ. ಮರೆವ್ವನಿಗೆ ಸಿಡಿ ಹಾಕುವ ಯಂತ್ರವೇ ಇಲ್ಲ. (ಹಿಂದಿನ ಅನುಭವ ನೋಡಿದರೆ ಇದೇ ಹೆಚ್ಚು ಸಂಭವನೀಯ. ಆದರೆ ರೇವಣಸಿದ್ದ ಮೆಮೊರಿ ಕಾರ್ಡಿಗೆ ಹಾಕಿಸುತ್ತೇನೆಂದು ಮೂರು ಸಲ ಹೇಳಿದ್ದಾನೆ. ಆ ಹಾಡು ಲಗ್ಗೆರೆಯ ಪ್ರತಿ ಕೋಣೆಗೂ ಹೋಗುತ್ತದೆ.)

ರೇವಣಸಿದ್ದನ ಈ ಮಾತು ನೆನಪಾಗಿಯೇ ಶಾಂಭವಿ ಸೋಮವಾರ ಆಫೀಸಿಗೆ ರಜೆ ಹಾಕಿ ಲಗ್ಗೆರೆಗೆ ಹೋದದ್ದು. ಒಳ್ಳೆಯತನದಿಂದ ಹೋದಳೆಂದು ಬರೆಯಲು ಅವಳೇ ಬಿಡಲಿಲ್ಲ.

8

ಮರೆವ್ವ ಜಮಖಾನ ಹಾಸುತ್ತಿದ್ದರು. ಶಾಂಭವಿ ಇಯರ್‌ಫೋನ್ ಕೊಟ್ಟಳು. ಒಂದನ್ನು ಮರೆವ್ವ ಕಿವಿಗಿಟ್ಟುಕೊಂಡರೆ ಇನ್ನೊಂದನ್ನು ರೇವಣಸಿದ್ದ ಕೇಳದೆಯೇ ತೆಗೆದುಕೊಂಡ. ಇಬ್ಬರ ತಲೆಯೂ ಒಂದೇ ತಂತಿಗೆ ಕಟ್ಟಿದ ಹಾಗೆ ಹತ್ತಿರವಾಯಿತು.

ಮೊದಲು ಬಾಯಿಬಿಟ್ಟವನು ರೇವಣಸಿದ್ದ. "ಮುಗಿಸೇ ಬಿಟ್ಟೀಯಲ್ಲಬೇ ಯಕ್ಕಾ!"

ಮರೆವ್ವ ಇಯರ್‌ಫೋನ್ ತೆಗೆದು ಸೆರಗಿನಿಂದ ಒರೆಸಿ ವಾಪಸ್ ಕೊಟ್ಟರು.

"ಅಲ್ಲೀ ತನಕ ನಾನು. ಆಮ್ಯಾಲಿಂದು ನಾನಲ್ಲ."

"ನಿಮ್ಮದೇ ಮೊದಲನೇ ಸಾಲು ಅಕ್ಕಾ," ಎಂದಳು ಶಾಂಭವಿ. "ಕಾಪಿ ಮಾಡಿ ಕೊನೇಗೆ ಹಾಕಿದೀವಿ. ನಿಮ್ಮ ವಾಯ್ಸೇ."

"ನನ್ನ ಧ್ವನೀಲೇ, ನನ್ನ ಕೇಳ್ದ, ಮುಗಿಸೀರಿ."

ಭಜನೆಗೆ ಬಂದವರು ಸುತ್ತ ಸೇರಿದರು. ವಾದ ಹತ್ತಿತು. ಯಂತ್ರ ಹಾಡಿದರೆ ಮಂಗಳ ಆಗುವುದಿಲ್ಲ ಎಂದು ಗೌಂಡಿ ಕೆಲಸದ ಗೋಪಾಲಪ್ಪ. ಧ್ವನಿ ಅಕೀದೇ ಇದ್ದಮೇಲೆ ಆಯಿತಲ್ಲ ಎಂದು ರೇವಣಸಿದ್ದ. "ಹಂಗಾದ್ರ ನನ್ನ ಫೋಟೋ ಉಂಡ್ರ ನನ್ನ ಹೊಟ್ಟಿ ತುಂಬತೈತೇನು?" ಎಂದರು ಶರಣಮ್ಮ. "ಫೋಟೋ ಎಲ್ಲಿ ಉಣ್ತೈತಿ?" "ಮತ್ತ ಯಂತ್ರ ಎಲ್ಲಿ ಹಾಡ್ತೈತಿ?" ಮಂಗಳ ಆಗಿದ್ದರೆ ಭಜನೆ ಮುಗಿದ ಹಾಗೆ. ಮುಗಿದಿದ್ದರೆ ಇವತ್ತು ಗಣಪನ ಸ್ತುತಿಯಿಂದ ಹೊಸದಾಗಿ ಶುರು ಮಾಡಬೇಕು. ಯಾರೂ ಕೂರಲೊಲ್ಲರು.

ಮರೆವ್ವ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಶಾಂಭವಿಯನ್ನೇ ನೋಡುತ್ತಿದ್ದರು.

"ಬರ್ತೀನಿ ಅಂತ ಹೇಳಿ ಹ್ವಾದೋರಿಗೆ ನಾ ಏನಂತ ಹೇಳ್ಲಿ ತಂಗಿ? ಯಾವನೋ ಹುಡುಗ ಕಂಪ್ಯೂಟರಿನ್ಯಾಗ ಮುಗಿಸ್ಯಾನ ಅಂತ ಹೇಳ್ಲೇನು?"

ಒದ್ದೆ ಕೈಯಲ್ಲಿ ಮುಟ್ಟಬೇಡಿ ಎಂದು ಬೇರೆಯವರಿಗೆ ಬರೆದುಕೊಡುವವಳು ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು.

"ತಪ್ಪಾಯ್ತಕ್ಕ. ಆ ಹಾಡೇ ಬೇಡ. ತೆಗೆದುಬಿಡ್ತೀವಿ."

"ಹಾಡು ಯಾಕ ತಗೀತೀರಿ? ಹಾಡಿದ್ದು ಸುಳ್ಳೇನು? ಅಲ್ಲೀ ತನಕ ನಾ ದಿನಾ ಹಾಡ್ತೀನಿ. ಕಸ ಹೊಡಿಯುವಾಗ, ಹಾಸ್ಗಿ ಮಡಚುವಾಗ. ಮರೀಬಾರ್ದಲ್ಲ." ತಾಳ ಕೈಗೆತ್ತಿಕೊಂಡರು. "ನಾ ಎಲ್ಲಿ ಬಿಟ್ಟೀನೋ ಅಲ್ಲಿಗೇ ಬಿಡ್ರಿ."

ಎಲ್ಲರೂ ಕೂತರು. ನಡುವಿನ ಹಾಡಿನಿಂದ ಭಜನೆ ಮುಂದುವರಿಯಿತು.

ಮಲ್ಲಿಕ್ ಅಂಟಿಸಿದ್ದನ್ನು ಕಿತ್ತ. ಕಿತ್ತದ್ದು ಶಾಂಭವಿ ಪಕ್ಕದಲ್ಲಿ ಕೂತಿದ್ದಾಗ, ಎರಡು ಬ್ಯಾಕಪ್ಪಿನಲ್ಲೂ. "ಡಿಫೆಕ್ಟ್ ಪೀಸ್ ಅಂತಾರೆ ಮಗಾ," ಎಂದು ಗೊಣಗಿದ. ಪೀಣ್ಯದಲ್ಲಿ ಬೆಳೆದವನು. ಅಳತೆಗೆ ಕೂದಲೆಳೆ ಕಮ್ಮಿಯಾದ ಬೋಲ್ಟುಗಳನ್ನು ಗೋಣಿಯಲ್ಲಿ ತುಂಬಿ ಸ್ಕ್ರ್ಯಾಪಿಗೆ ಹಾಕುವುದನ್ನು ನೋಡಿದವನು.

9

ಬಿಡುಗಡೆ ಮಧ್ಯಾಹ್ನ ಮೂರಕ್ಕೆ. ಕ್ಲಬ್‌ಹೌಸ್ ಸಿಕ್ಕಿದ್ದು ಸಿದ್ದರಾಮಪ್ಪನವರ ಮಾತಿನ ಮೇಲೆ. ಆದರೆ ಐದು ಗಂಟೆಗೆ ಅಲ್ಲೇ ಬಿ ಬ್ಲಾಕಿನ ಮಗುವೊಂದರ ಬರ್ತ್‌ಡೇ ಇದೆ, ಅಷ್ಟರೊಳಗೆ ಖಾಲಿ ಮಾಡಬೇಕೆಂದು ಅಸೋಸಿಯೇಷನ್ ಕಾರ್ಯದರ್ಶಿ ಶೇಖರಪ್ಪ ತಾಕೀತು ಮಾಡಿದ್ದರು. ಲಗ್ಗೆರೆಯವರು ಬಾಡಿಗೆ ವ್ಯಾನಿನಲ್ಲಿ ಬಂದು ಸರಿಯಾದ ಹೊತ್ತಿಗೆ ಮುಟ್ಟಿದರು. 'ಎರಡನೇ ಹಂತ'ದ ಅಭಿಮಾನಿಗಳು, ಅಂದರೆ ಪರಿಚಯದವರು, ಮಾರತಹಳ್ಳಿ ಸೇತುವೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು.

ಖಾಲಿ ಕುರ್ಚಿ ನೋಡಲಾರದೆ ಸಿದ್ದರಾಮಪ್ಪ ಬೆಳಗಿನ ವಾಕಿಂಗಿನ ಗೆಳೆಯರಿಗೆ ಫೋನ್ ಮಾಡಿದರು. ದಾವಣಗೆರೆಯವರು, ಹಾವೇರಿಯವರು, ಕೊಪ್ಪಳದವರು; ಮಕ್ಕಳ ಮನೆಯಲ್ಲಿ ಇರುವವರು, ಸ್ವಂತ ಫ್ಲ್ಯಾಟಿನವರು. ಮಧ್ಯಾಹ್ನದ ನಿದ್ದೆ ಮುಗಿಸಿ, ಇಬ್ಬಿಬ್ಬರಾಗಿ ಬಂದು ಹಾಲ್ ತುಂಬಿದರು. ವಿಭೂತಿ, ಸ್ವೆಟರ್, ವಾಕಿಂಗ್ ಶೂ.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಶಾಂಭವಿಯ ಹಾಡುಗಳಿಗೆ ಜನ ಗೌರವದಿಂದ ಕೂತಿದ್ದರು. ಸಿದ್ದರಾಮಪ್ಪ ಮೊದಲ ಕುರ್ಚಿಯಲ್ಲಿ ಕೈಕಟ್ಟಿ, ಹೊಸ ಸೇತುವೆಯ ತಪಾಸಣೆಗೆ ಬಂದವರ ಹಾಗೆ ಇದ್ದರು. ಮರೆವ್ವನ ಹಾಡಿಗೆ ತಲೆಗಳು ಅಲ್ಲಾಡತೊಡಗಿದವು. ಹತ್ತನೆಯದಕ್ಕೆ ಮರೆವ್ವ ಎಲ್ಲ ವಾದ್ಯಗಳನ್ನೂ ನಿಲ್ಲಿಸಿದರು. ಮಲ್ಲಿಕ್ ಒಂದೊಂದು ಮೈಕಿನ ಸದ್ದನ್ನೂ ಬೇರೆ ಬೇರೆಯಾಗಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಿದ್ದ. ಇವತ್ತು ಮರೆತು ಅಲ್ಲ, ಬೇಕೆಂದೇ.

ಮಂಗಳ ಶುರುವಾಯಿತು. ಸಾಲಿನಿಂದ ಸಾಲಿಗೆ ಹೋಯಿತು. ಕೊನೆಯ ಸಾಲಿನ ಬಾಗಿಲಲ್ಲಿ ಮರೆವ್ವ ನಿಂತರು.

(ಇಲ್ಲಿನ ಮೌನದ ಬಗ್ಗೆ ಒಂದು ಪುಟ ಬರೆದಿದ್ದೆ. ಅಳಿಸಿದ್ದೇನೆ. ಮೌನ ಅಷ್ಟು ಹೊತ್ತು ಇರಲಿಲ್ಲ.)

ಸಿದ್ದರಾಮಪ್ಪ ಹಾಡಿದರು.

ಅವರು ಹಾಡಿದ್ದನ್ನು ಶಾಂಭವಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ದಪ್ಪ ಧ್ವನಿ, ಶ್ರುತಿ ಇಲ್ಲ. ಕೊನೆಯ ಸಾಲಿನ ಮೊದಲ ಪದ ಅವರ ಬಾಯಿಂದ ಬಿತ್ತು. ಎರಡನೇ ಪದಕ್ಕೆ ಹಿಂದಿನಿಂದ ಮೂರನೇ ಮಹಡಿಯ ರುದ್ರಮ್ಮ ಸೇರಿದರು. ಮೂರನೆಯದಕ್ಕೆ ಇಡೀ ಹಾಲ್. ಪಾಪ, ಹೆಣ್ಣುಮಗಳು ಸಾಲು ಮರೆತಳು, ಎತ್ತಿಕೊಡೋಣ ಎಂದೇ ಎಲ್ಲರೂ ತಿಳಿದದ್ದು. ಚಿಕ್ಕಂದಿನಿಂದ ಸಾವಿರ ಸಲ ಕೇಳಿದ ಸಾಲನ್ನು ಅರ್ಧಕ್ಕೆ ಬಿಟ್ಟು ಕೂರುವುದು ಅವರಿಂದ ಆಗದ ಕೆಲಸ. ಮಂಗಳ ಮುಗಿಯಿತು. ಮುಗಿದ ಮೇಲೆ ಮಾಡುವುದನ್ನೇ ಮಾಡಿದರು: ಎದ್ದು ನಿಂತು ಕೈಮುಗಿದರು. ಕೆಲವರು ಪ್ರಸಾದ ಎಲ್ಲಿ ಎಂದು ಆಚೀಚೆ ನೋಡಿದರು.

ವೇದಿಕೆಯ ಮೇಲೆ ಲಗ್ಗೆರೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕಂಪ್ಯೂಟರ್ ಎಂದು ತಳ್ಳಿಹಾಕಲು ಇದು ಕಂಪ್ಯೂಟರ್ ಅಲ್ಲ. ವಿಭೂತಿ ಹಚ್ಚಿದ ಅರವತ್ತು ಎಪ್ಪತ್ತು ಜನ.

(ನನ್ನ ಮೂರು ಮುಕ್ತಾಯಗಳಲ್ಲೂ ಸಿದ್ದರಾಮಪ್ಪನವರು ಇರಲಿಲ್ಲ. ನೀವು ನೋಡಿದ್ದೀರಿ.)

ಮರೆವ್ವ ಮೈಕನ್ನು ಹತ್ತಿರ ಎಳೆದುಕೊಂಡರು.

"ಅದು ನಿಮ್ಮದಾತ್ರಿ. ನಮ್ಮದು ಇನ್ನಾ ಐತಿ."

ತಾಳ ಹಾಕಿ ಮುಂದಿನ ಹಾಡು ಎತ್ತಿಕೊಂಡರು. ಮಂಗಳದ ಮೇಲೆ ಹಾಡು ಕೇಳಿ ಅಭ್ಯಾಸವಿಲ್ಲದ ಜನ, ಮುಗಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತೇ ಇದ್ದು, ಒಬ್ಬೊಬ್ಬರಾಗಿ ಕೂತರು. ಬಾಗಿಲಲ್ಲಿ ಬಲೂನು ಹಿಡಿದುಕೊಂಡು ಬರ್ತ್‌ಡೇಯವರು ಬಂದಾಗಿತ್ತು. ಶೇಖರಪ್ಪ ಸಿದ್ದರಾಮಪ್ಪನವರ ಕಿವಿಯ ಹತ್ತಿರ ಬಗ್ಗಿದರು.

"ಸಾರ್, ಟೈಮ್ ಆಯ್ತು. ಮುಗೀತಲ್ಲ?"

"ಇಲ್ಲ ಅಂತಾರಲ್ರೀ," ಎಂದರು ಸಿದ್ದರಾಮಪ್ಪ.

10

ವ್ಯಾನ್ ಗೇಟಿನ ಹೊರಗೆ ನಿಂತಿತ್ತು. ಸಾಮಾನು ತುಂಬುತ್ತ ರೇವಣಸಿದ್ದ ತಡೆಯಲಾರದೆ ಕೇಳಿಯೇಬಿಟ್ಟ.

"ಯಕ್ಕಾ, ಅವ್ರು ಹಾಡುವಾಗ ನಿನ್ನ ತುಟಿ ಆಡಿದಂಗ ಕಾಣಿಸ್ತು. ಎಲಿ ಅಡಿಕಿನೋ, ಹಾಡೋ?"

ಎಲ್ಲರೂ ಕೆಲಸ ನಿಲ್ಲಿಸಿದರು. ಮರೆವ್ವ ಶಾಂಭವಿಯನ್ನು ವ್ಯಾನಿನ ಆಚೆ ಬದಿಗೆ ಕರೆದುಕೊಂಡು ಹೋದರು.

"ತಂಗಿ, ನೀ ಬಾಜೂಕ ನಿಂತಿದ್ದಿ. ನಾ ಹಾಡಿದ್ನೇನು?"

"ನಿಮಗೆ ಗೊತ್ತಿಲ್ವಾ ಅಕ್ಕಾ?"

"ಗೊತ್ತಿಲ್ಲ. ಅಷ್ಟು ಮಂದಿ ಒಮ್ಮೆಲೆ ಎತ್ತಿದ್ರಲ್ಲ. ಬಾಯಿ ತನ್ನಷ್ಟಕ ತಾ ಹೋತೋ ಏನೋ."

ಶಾಂಭವಿಗೂ ಗೊತ್ತಿರಲಿಲ್ಲ. ಅವಳು ಆಗ ಅಪ್ಪನನ್ನು ನೋಡುತ್ತಿದ್ದಳು.

ಕೇಬಲ್ ಸುತ್ತುತ್ತ ಬಂದ ಮಲ್ಲಿಕನಿಗೆ ಕೇಳಿಸಿತ್ತು. "ಅಕ್ಕಾ, ನಿಮ್ಮ ಮೈಕ್ ಟ್ರ್ಯಾಕ್ ಬೇರೇನೇ ಇದೆ. ಮಿಕ್ಕಿದ್ದೆಲ್ಲ ಮ್ಯೂಟ್ ಮಾಡಿದ್ರೆ ನೀವು ಹಾಡಿದೀರೋ ಇಲ್ವೋ ಗೊತ್ತಾಗುತ್ತೆ. ಒಂದೇ ಬಟನ್ನು." ವ್ಯಾನಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಮಧ್ಯಾಹ್ನವೆಲ್ಲ ಬಣ್ಣಬಣ್ಣದ ಪಟ್ಟಿಗಳಾಗಿ ಮಲಗಿತ್ತು. ಮೇಲಿನಿಂದ ಎರಡನೆಯದು ಮರೆವ್ವನದು.

ಗೋಪಾಲಪ್ಪ, ಶರಣಮ್ಮ ಎಲ್ಲರೂ ಬಗ್ಗಿ ನೋಡಿದರು. ಮಲ್ಲಿಕ್ ಶಾಂಭವಿಯ ಕಡೆ ನೋಡಿದ. ಅವಳು ಅವನ ಕೈ ಹಿಡಿದು, "ಅವ್ರನ್ನ ಕೇಳು," ಎಂದಳು.

"ಗೊತ್ತಾದ್ರ ಏನ್ ಮಾಡೂದು?" ಎಂದರು ಮರೆವ್ವ.

"ಹಾಡಿದ್ರ ನಾಳಿ ಗಣಪನಿಂದ ಶುರು," ಎಂದ ರೇವಣಸಿದ್ದ. "ಹಾಡಿಲ್ಲಂದ್ರ ಎಂದಿನಂಗ."

ಮರೆವ್ವ ಪರದೆಯನ್ನು ನೋಡಿದರು. ತಮ್ಮ ಪಟ್ಟಿಯ ಮೇಲೆ ಬೆರಳಿಟ್ಟು ಅದರ ಕೊನೆಯವರೆಗೆ ನಿಧಾನವಾಗಿ ಎಳೆದುಕೊಂಡು ಹೋದರು. ಆಮೇಲೆ, ಪೆಟ್ಟಿಗೆಯ ಮುಚ್ಚಳ ಹಾಕುವ ಹಾಗೆ, ಲ್ಯಾಪ್‌ಟಾಪನ್ನು ಮಡಚಿದರು.

"ಇರ್ಲಿ ಬಿಡ್ರಿ. ನಾ ಹಾಡಿದ್ರ ಅವ್ರು ಕೇಳಿರ್ತಾರ. ಹಾಡಿಲ್ಲಂದ್ರ ಕಾಯ್ತಾರ."

ಕೊನೆಯ ವಾಕ್ಯಕ್ಕೆ ಇದು ಹೇಳಿ ಮಾಡಿಸಿದಂತಿದೆ ಎಂದುಕೊಂಡು ಪೆನ್ನು ಮುಚ್ಚಿದೆ. ಆ ಕಡತ ಈಗಲೂ ಮಲ್ಲಿಕನ ಬಳಿ ಇದೆ, ಬ್ಯಾಕಪ್ ಎರಡು ಕಡೆ. ಒಂದು ಬಟನ್ ಒತ್ತಿದರೆ ಸತ್ಯ ಗೊತ್ತಾಗುತ್ತದೆ. ಗೊತ್ತಾಗಬಹುದಾದದ್ದನ್ನು ಗೊತ್ತುಮಾಡಿಕೊಳ್ಳದೆ ಬರೆಯಬಾರದೆಂದು ಪತ್ರಿಕೆಯಲ್ಲಿ ನನಗೆ ಕಲಿಸಿದವರಿದ್ದಾರೆ. ಅವರು ಇದನ್ನು ಓದುವುದಿಲ್ಲ ಎಂದುಕೊಳ್ಳುತ್ತೇನೆ.

ವ್ಯಾನಿನ ಕಿಟಕಿಯಿಂದ ಮರೆವ್ವ ತಲೆ ಹೊರಗೆ ಹಾಕಿದರು.

"ಏನ್ರಿ, ನಿಮ್ಮದು ಮುಗೀತೇನು?"

"ಇಲ್ಲ," ಎಂದೆ.

"ಹಂಗಾದ್ರ ಹತ್ರಿ. ಲಗ್ಗೆರಿ ತನಕ ಬರ್ರಿ."

ಶಾಂಭವಿ ಆಗಲೇ ಹತ್ತಿ ಕೂತಿದ್ದಳು. ಹತ್ತಿದೆ. ಸೀಟಿರಲಿಲ್ಲ. ಟೂಲ್‌ಬಾಕ್ಸಿನ ಮೇಲೆ ಕೂತು, ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಜಾಮಾಗಿ ಗಾಡಿ ನಿಂತಿತು. ಡ್ರೈವರ್ ಎಂಜಿನ್ ಆರಿಸಿದ.

ರೇವಣಸಿದ್ದ ಹಾರ್ಮೋನಿಯಂ ವಾಪಸ್ ಕೇಳಿದ.